ಸಾಲದ ಮೊದಲ ಕಂತು
ಸಿಡ್ನಿಯಲ್ಲಿ ನಾನೂ ವಲಸಿಗ, ಟುವಾಲುವಿನಿಂದ ಬರುವವರೂ ವಲಸಿಗರು. ನಾನು ಬೇಕೆಂದಾಗ ಊರಿಗೆ ಮರಳಬಹುದು; ಅವರಿಗೆ ಊರು ಉಳಿಯುವುದೇ ಅನುಮಾನ. ಸುಮಾರು 11,000 ಜನರ ಆ ಪೆಸಿಫಿಕ್ ದ್ವೀಪರಾಷ್ಟ್ರ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಮೇಲಿದೆ. ಕಲ್ಲಿದ್ದಲು, ತೈಲಗಳ ಹೊಗೆಯಿಂದ ಭೂಮಿ ಬಿಸಿಯಾಗಿ, ಹಿಮ ಕರಗಿ, ಕಾದ ನೀರು ಹಿಗ್ಗಿ ಕಡಲು ಏರುತ್ತಿದೆ. 2023ರ ಒಪ್ಪಂದದಂತೆ ಆಸ್ಟ್ರೇಲಿಯಾ ವರ್ಷಕ್ಕೆ 280 ಟುವಾಲು ಜನರಿಗೆ ನೆಲೆ ಕೊಡುತ್ತದೆ. ಜಗತ್ತಿಗೆ ಕಲ್ಲಿದ್ದಲನ್ನೂ ಮಾರುತ್ತದೆ. ಮನೆ ಮುಳುಗಿಸಿ ಜಗುಲಿಯಲ್ಲಿ ಜಾಗ ಕೊಟ್ಟರೆ ಅದು ಔದಾರ್ಯವೇ? ನನಗದು ಸಾಲದ ಮೊದಲ ಕಂತು ಮಾತ್ರ. ಕಲ್ಲಿದ್ದಲು ಬಿಟ್ಟು ಬಿಸಿಲು, ಗಾಳಿಯ ವಿದ್ಯುತ್ತಿಗೆ ಹೊರಳುವುದು ಉಳಿದ ಕಂತು. ಇಲ್ಲಿ ದುಡಿದು ಬಾಳುವ ನಾವು ಕನ್ನಡಿಗರೂ ಆ ಸಾಲದಲ್ಲಿ ಪಾಲುದಾರರೇ. ಮತ ಹಾಕುವಾಗ, ಮನೆಯ ವಿದ್ಯುತ್ತನ್ನು ಆರಿಸುವಾಗ ಇದನ್ನು ನೆನೆಯಬೇಕು.