ಸಾರಿ ಎಂಬ ಎರಡಕ್ಷರ

ಬಸ್ಸಿನಲ್ಲಿ ಕಾಲು ತುಳಿದರೆ ‘ಸಾರಿ’, ರಾಂಗ್ ನಂಬರ್ ಆದರೆ ‘ಸಾರಿ’, ಕೊಟ್ಟ ಮಾತಿಗೆ ತಪ್ಪಿದರೂ ‘ಸಾರಿ’. ಹೊರನಾಡಿನಲ್ಲಿ ನೆಲೆಸಿ ದಿನವೂ ನಾಲ್ಕು ಭಾಷೆಗಳಲ್ಲಿ ವ್ಯವಹರಿಸುವ ನಾವು ಅತ್ಯಂತ ಅಗ್ಗವಾಗಿ ಬಳಸುವ ಇಂಗ್ಲಿಷ್ ಪದ ಇದೇ ಇರಬೇಕು. ಇಷ್ಟು ಸುಲಭವಾಗಿ ಬಾಯಿಗೆ ಬರುವ ಈ ಮಾತಿಗೆ ಹುಟ್ಟಿನಲ್ಲಿ ಯಾವ ಅರ್ಥವಿತ್ತು?

ಹಳೆಯ ಇಂಗ್ಲಿಷಿನ ‘ಸಾರಿಗ್’ ಎಂಬುದು ಇದರ ಮೂಲ. ನೋವುಂಡವನು, ದುಃಖಿತ ಎಂದು ಅದರ ಅರ್ಥ. ಹುಣ್ಣು, ನೋವು ಎಂಬರ್ಥದ ‘ಸೋರ್’ ಇದರ ಒಡಹುಟ್ಟು. ದುಃಖವೆಂಬ ಅರ್ಥದ ‘ಸಾರೋ’ ನೋಡಲು ಹತ್ತಿರದ ನೆಂಟನಂತಿದ್ದರೂ ಅದರ ಬೇರು ಬೇರೆ. ಅಂದರೆ ಸಾರಿ ಎಂಬುದು ಮೊದಲಿಗೆ ಕ್ಷಮೆ ಕೇಳುವ ಮಾತಲ್ಲ. ‘ನನಗೆ ನೋವಾಗಿದೆ’ ಎಂಬ ಮಾತು. ಸಾವಿನ ಮನೆಯಲ್ಲಿ ಇಂಗ್ಲಿಷರು ಇಂದಿಗೂ ಸಾರಿ ಎನ್ನುವುದು ಆ ಸಾವಿಗೆ ತಾವು ಕಾರಣರೆಂದಲ್ಲ.

ನಮ್ಮ ‘ಕ್ಷಮಿಸಿ’ಯ ದಾರಿ ಬೇರೆ. ಸಂಸ್ಕೃತದ ‘ಕ್ಷಮ್’ ಧಾತುವಿಗೆ ಸಹಿಸು, ತಾಳಿಕೊಳ್ಳು ಎಂದರ್ಥ. ಎಲ್ಲವನ್ನೂ ಹೊರುವ ಭೂಮಿಗೂ ‘ಕ್ಷಮಾ’ ಎಂಬ ಹೆಸರುಂಟು. ಇಲ್ಲಿ ನಾವು ನಮ್ಮ ನೋವನ್ನು ಹೇಳುವುದಿಲ್ಲ, ತಾಳಿಕೊಳ್ಳಿರೆಂದು ಎದುರಿನವರನ್ನು ಬೇಡುತ್ತೇವೆ.

ಹಾಗಾದರೆ ತಾನು ಮಾಡದ ತಪ್ಪಿಗೆ ಸಾರಿ ಹೇಳಬಹುದೇ? ಆಸ್ಟ್ರೇಲಿಯಾದಲ್ಲಿ ಈ ವಾದ ವರ್ಷಗಟ್ಟಲೆ ನಡೆಯಿತು. ದಶಕಗಳ ಕಾಲ ಸರ್ಕಾರಗಳೇ ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಅಗಲಿಸಿದ್ದ ವೃತ್ತಾಂತ 1997ರ ವರದಿಯೊಂದರಿಂದ ದೇಶದ ಮುಂದೆ ಬಂತು. ಹಿಂದಿನವರ ಕೃತ್ಯಕ್ಕೆ ಇಂದಿನವರು ಹೊಣೆಯಲ್ಲವೆಂದ ಪ್ರಧಾನಿ ಜಾನ್ ಹೊವಾರ್ಡ್, 1999ರಲ್ಲಿ ಪಾರ್ಲಿಮೆಂಟಿನಲ್ಲಿ ವಿಷಾದ ಸೂಚಿಸಿ ಅಷ್ಟಕ್ಕೇ ನಿಂತರು. ಅವರ ನಂತರ ಬಂದ ಕೆವಿನ್ ರಡ್ 2008ರ ಫೆಬ್ರವರಿ 13ರಂದು ಅದೇ ಸಭೆಯಲ್ಲಿ ‘ಸಾರಿ’ ಎಂದರು. ಬಾಲ್ಯದಲ್ಲೇ ತಾಯಿಯಿಂದ ಅಗಲಿ ಮುಪ್ಪಾದವರು ಅದನ್ನು ಕೇಳಿ ಕಣ್ಣೀರಿಟ್ಟರು. ಆದರೂ ಕೇಂದ್ರ ಸರ್ಕಾರ ತನ್ನ ನೇರ ಆಡಳಿತದ ಪ್ರದೇಶಗಳವರಿಗೆ ಪರಿಹಾರಧನದ ಯೋಜನೆ ಪ್ರಕಟಿಸಲು 2021 ಬರಬೇಕಾಯಿತು.

ವಿಷಾದಕ್ಕೂ ಸಾರಿಗೂ ಇರುವ ಈ ಅಂತರ ನಮ್ಮಂಥ ಗುಮಾಸ್ತರಿಗೆ ಚೆನ್ನಾಗಿ ಗೊತ್ತು. ‘ವಿಳಂಬಕ್ಕಾಗಿ ವಿಷಾದಿಸಲಾಗಿದೆ’ ಎಂದು ಕಚೇರಿಯ ಕಾಗದಗಳಲ್ಲಿ ಬರೆಯುತ್ತಲೇ ಇರುತ್ತೇವೆ. ಅಲ್ಲಿ ವಿಷಾದವೇನೋ ಇದೆ, ವಿಷಾದಿಸಿದವರು ಯಾರೆಂಬುದಿಲ್ಲ.

ಸಾರಿ ಎಂದರೆ ನೋವೆಂದಾದರೆ, ಮಾಡದ ತಪ್ಪಿಗೂ ನಾವು ನೋಯಬಲ್ಲೆವು. ಅದು ಮನುಷ್ಯನ ದೊಡ್ಡತನ. ಮಾಡಿದ ತಪ್ಪಿಗೂ ನೋಯದವರು ಸಾರಿ ಎಂದರೇನು, ಬಿಟ್ಟರೇನು? ಬಸ್ಸಿನ ಸಾರಿ ಬಸ್ಸಿಗೆ ಸಾಕು. ಮನಸ್ಸು ಮುರಿದಲ್ಲಿ ಮಾತ್ರ, ನೊಂದಿದ್ದೇವೆಂಬುದಕ್ಕೆ ಮುಂದಿನ ನಡತೆಯೇ ಸಾಕ್ಷಿಯಾಗಬೇಕು. ಆಗಷ್ಟೇ ‘ತಾಳಿಕೊಳ್ಳಿ’ ಎಂದು ಬೇಡಲು ನಮಗೆ ಮುಖವುಂಟು.