ಮರಳಿ ಕೇಳದ ಕೀಲಿಕೈ

ಮದುವೆಯ ಮನೆಯಲ್ಲಿ ಉಗ್ರಾಣದ ಕೀಲಿಕೈಯನ್ನು ನಂಬಿಕಸ್ಥರೊಬ್ಬರ ಕೈಗೆ ಒಪ್ಪಿಸುವುದು ನಮ್ಮಲ್ಲಿ ಹಳೆಯ ವಾಡಿಕೆ. ಕೊಡುವಾಗ ಅದೊಂದು ಗೌರವ. ಪಡೆದವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಾಲ್ಕು ದಿನ ಗತ್ತಿನಿಂದ ಓಡಾಡುತ್ತಾರೆ. ಮದುವೆ ಮುಗಿದು ಚಪ್ಪರ ಇಳಿದ ಮೇಲೆ ಯಜಮಾನನಿಗೆ ಸಂಕೋಚ ಹತ್ತುತ್ತದೆ. ಈಗ ಕೇಳಿದರೆ ಅವರು ಏನೆಂದು ತಿಳಿದಾರು? ಹೀಗೆ ಕೇಳದೆ ಬಿಟ್ಟ ಕೀಲಿಕೈಗಳು ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ, ದೊಡ್ಡ ವ್ಯಾಪಾರ ಸಂಸ್ಥೆಗಳಲ್ಲಿ ಎಷ್ಟಿವೆಯೋ! ಕೊಟ್ಟ ಅಧಿಕಾರವನ್ನು ಮರಳಿ ಕೇಳುವುದು ಅವಿಶ್ವಾಸವೇ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಒಂದು ರಾತ್ರಿಯ ಸ್ವಾನುಭವದಿಂದ.

ನನ್ನ ತಂಗಿಯನ್ನು ಸಾಣಾಪುರಕ್ಕೆ ಕೊಟ್ಟಿದೆ. ಅವಳ ಮಗ, ನಾನು ಹಿಂದೆ ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಓದುತ್ತಿದ್ದ. ಅಲ್ಲಿದ್ದಾಗ ಆಂತರಿಕ ಅಂಕಗಳನ್ನು ಗಣಕಯಂತ್ರಕ್ಕೆ ಏರಿಸುವ ಹೊಣೆ ನನ್ನದಾಗಿತ್ತು. ಇಡೀ ಕಾಲೇಜಿನ ಅಂಕಪಟ್ಟಿಯನ್ನು ತಿದ್ದಬಲ್ಲ ಪಾಸ್‌ವರ್ಡು ನನ್ನ ಬಳಿ ಇತ್ತು. ನಾನು ವರ್ಗವಾಗಿ ಬಂದು ಎರಡು ವರ್ಷ ಕಳೆದಿತ್ತು. ಒಂದು ಸಂಜೆ ತಂಗಿ ಫೋನು ಮಾಡಿ, "ಅಣ್ಣಾ, ಹುಡುಗ ಊಟ ಬಿಟ್ಟು ಕುಂತಾನ. ಎಷ್ಟು ಬಂದಾವೋ ಒಂಚೂರು ನೋಡು" ಎಂದಳು. ನೋಡುವುದರಲ್ಲೇನು ತಪ್ಪು ಎಂದುಕೊಂಡು ಹಳೆಯ ಪಾಸ್‌ವರ್ಡನ್ನು ಒತ್ತಿದೆ. ಬಾಗಿಲು ತೆರೆಯಿತು! ಹುಡುಗನ ಹೆಸರಿನ ಮುಂದೆ ಹನ್ನೊಂದು ಅಂಕವಿತ್ತು. ಇನ್ನು ಮೂರು ಇದ್ದಿದ್ದರೆ ಅವನ ಸಂಕಟ ತೀರುತ್ತಿತ್ತು. ಅಂಕಿಯ ಪಕ್ಕದಲ್ಲಿ ಮಿನುಗುವ ಗೆರೆ ನನ್ನ ಬೆರಳನ್ನೇ ಕಾಯುತ್ತಿರುವಂತಿತ್ತು. ನಾನು ತಿದ್ದಲಿಲ್ಲ. ಆದರೆ ಅದನ್ನು ಮುಚ್ಚಲು ನನಗೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಮರುದಿನ ಅಲ್ಲಿಯ ಗುಮಾಸ್ತರಿಗೆ ಫೋನು ಮಾಡಿ, ನನ್ನ ಹೆಸರನ್ನು ತೆಗೆದುಹಾಕಿ ಎಂದೆ. ಅವರು ನಕ್ಕು, "ಇರ್ಲಿ ಬಿಡ್ರಿ ಸರ, ನಿಮ್ಮ ಮ್ಯಾಲೆ ನಮಗ ನಂಬಿಕಿ ಐತಿ" ಎಂದರು. ಮೊದಲು ಆ ಮಾತು ಹಿತವಾಗಿಯೇ ಕೇಳಿತು. ಆಮೇಲೆ ಯೋಚಿಸಿದರೆ, ಅವರು ನನ್ನನ್ನು ನಂಬಿರಲಿಲ್ಲ, ಮರೆತಿದ್ದರು. ಮರೆವಿಗೆ ನಂಬಿಕೆಯೆಂಬ ಒಳ್ಳೆಯ ಹೆಸರನ್ನು ಇಟ್ಟಿದ್ದರು, ಅಷ್ಟೆ.

ಇಂಥ ಮರೆವಿನ ಬೆಲೆ ಎಷ್ಟಾಗಬಹುದೆಂಬುದನ್ನು ನಮ್ಮ ನೆರೆಯ ವಿಜಯಪುರ ಜಿಲ್ಲೆ 2025ರಲ್ಲಿ ಕಂಡಿತು. ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಮೇ ತಿಂಗಳಲ್ಲಿ, ಜನರು ಅಡವಿಟ್ಟಿದ್ದ ಸುಮಾರು 59 ಕಿಲೋ ಚಿನ್ನ ಕಳುವಾಯಿತು. ಅದರ ಬೆಲೆ 53 ಕೋಟಿ ರೂಪಾಯಿಗೂ ಮಿಕ್ಕಿದ್ದು. ಮುಂದಿನ ತಿಂಗಳು ಪೊಲೀಸರು ಬಂಧಿಸಿದವರಲ್ಲಿ, ಕಳವಿಗೆ ಕೆಲವೇ ದಿನ ಮೊದಲು ಆ ಶಾಖೆಯಿಂದ ವರ್ಗವಾಗಿದ್ದ ವ್ಯವಸ್ಥಾಪಕನೂ ಇದ್ದ. ಅಧಿಕಾರದಲ್ಲಿದ್ದಾಗಲೇ ನಕಲಿ ಕೀಲಿಕೈ ಮಾಡಿಸಿಕೊಂಡಿದ್ದನೆಂಬುದು ಪೊಲೀಸರ ಆರೋಪ. ಅಪರಾಧದ ನಿರ್ಣಯ ನ್ಯಾಯಾಲಯಕ್ಕೆ ಸೇರಿದ್ದು. ನಮ್ಮ ಮಾತು ಇಷ್ಟೇ: ಮನುಷ್ಯನಿಗೆ ವರ್ಗವಾಗುತ್ತದೆ, ಕೀಲಿಕೈಗೆ ಆಗುವುದಿಲ್ಲ.

ಲೋಹದ ಕೀಲಿಕೈಗಾದರೂ ನಕಲು ಮಾಡುವವನೊಬ್ಬ ಬೇಕು. ಪಾಸ್‌ವರ್ಡಿಗೆ ಅದೂ ಬೇಡ. ಅದು ಹತ್ತು ಜನರ ಬಾಯಲ್ಲಿದ್ದರೂ ಯಾರ ಬಳಿಯೂ ಕಡಮೆಯಾದಂತೆ ಕಾಣುವುದಿಲ್ಲ. ಇಂದಿನ ಸಂಸ್ಥೆಗಳಲ್ಲಿ ಎಲ್ಲ ಲೆಕ್ಕಗಳನ್ನೂ ತೆರೆಯಬಲ್ಲ, ಯಾರನ್ನು ಬೇಕಾದರೂ ಸೇರಿಸಬಲ್ಲ, ಯಾವ ಗುರುತನ್ನು ಬೇಕಾದರೂ ಅಳಿಸಬಲ್ಲ ಒಂದು ಮುಖ್ಯ ಖಾತೆ ಇರುತ್ತದೆ. ಅನುಕೂಲಕ್ಕೆಂದು ನಾಲ್ವರು ಅದನ್ನು ಒಂದೇ ಹೆಸರಿನಲ್ಲಿ ಬಳಸುತ್ತಾರೆ. ಒಬ್ಬ ಕೆಲಸ ಬಿಟ್ಟು ಹೋಗುತ್ತಾನೆ, ಪಾಸ್‌ವರ್ಡು ಹಾಗೆಯೇ ಉಳಿಯುತ್ತದೆ. ಅದು ಹೊರಗಿನ ಕಳ್ಳನ ಕೈಗೆ ಸಿಕ್ಕರೆ ಅವನು ಮನೆಯ ಯಜಮಾನನಂತೆಯೇ ಮುಂಬಾಗಿಲಿನಿಂದ ಒಳಗೆ ಬರುತ್ತಾನೆ. ಅನರ್ಥವಾದ ದಿನ ನಾಲ್ವರೂ ಸಂಶಯದ ಕಟಕಟೆಯಲ್ಲಿ ನಿಲ್ಲಬೇಕು. ಅವರಲ್ಲಿ ಮೂವರು ನಿರಪರಾಧಿಗಳೆಂದು ತೋರಿಸಲು ದಾರಿಯಿಲ್ಲ. ಹಾಗಾದರೆ ಕೀಲಿಕೈಯನ್ನು ಮರಳಿ ಕೇಳದ ಔದಾರ್ಯದಿಂದ ಹಾನಿಯಾದದ್ದು ಯಾರಿಗೆ? ಪ್ರಾಮಾಣಿಕರಿಗೇ ಅಲ್ಲವೆ?

ಕೀಲಿಕೈ ಮಾತ್ರವಲ್ಲ, ಕುರ್ಚಿಯೂ ಬದಲಾಗುತ್ತಿರಬೇಕು. ಒಂದೊಂದು ಇಲಾಖೆಯಲ್ಲಿಯೂ ಹಲವರು ಮುಖ್ಯಸ್ಥರಿರಬೇಕು, ಅವರು ಅಲ್ಲಿಯೇ ಕಾಯಂ ಆಗಬಾರದು ಎಂಬುದು ಕೌಟಿಲ್ಯನ ಅರ್ಥಶಾಸ್ತ್ರದ ಅಭಿಪ್ರಾಯ. ಅದನ್ನು ಮರೆತದ್ದರ ಫಲ 2018ರಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಹಗರಣದಲ್ಲಿ ಕಂಡಿತು. ಮುಂಬಯಿಯ ಒಂದು ಶಾಖೆಯಲ್ಲಿ ಒಬ್ಬ ಅಧಿಕಾರಿ ವರ್ಷಗಟ್ಟಲೆ ಒಂದೇ ಕುರ್ಚಿಯಲ್ಲಿದ್ದ. ಅವನು ನಿವೃತ್ತನಾಗಿ ಬೇರೆಯವರು ಬಂದು ಕುಳಿತು ಪ್ರಶ್ನೆ ಕೇಳಿದ ಮೇಲೆಯೇ 13,000 ಕೋಟಿಗೂ ಮೀರಿದ ಮೋಸ ಹೊರಬಿತ್ತು.

ಎಲ್ಲರನ್ನೂ ಹೀಗೆ ಕಾಯುತ್ತ ಕುಳಿತರೆ ಮನೆ ಸೆರೆಮನೆಯಾಗುವುದಿಲ್ಲವೆ ಎಂದು ಓದುಗರು ಕೇಳಬಹುದು. ಮಾತು ನಿಜ. ನಂಬಿಕೆಯಿಲ್ಲದೆ ಒಂದು ಕಿರಾಣಿ ಅಂಗಡಿಯೂ ನಡೆಯದು. ಆದರೆ ನಂಬಿಕೆ ಸಲ್ಲಬೇಕಾದದ್ದು ಮನುಷ್ಯನಿಗೆ. ಕೀಲಿಕೈ ಸಲ್ಲಬೇಕಾದದ್ದು ಕೆಲಸಕ್ಕೆ. ಕೆಲಸ ಮುಗಿದೊಡನೆ ಅದು ಮರಳಬೇಕು. ಯಾರು ಎಂದು ತೆರೆದರೆಂಬುದಕ್ಕೆ ಅವರವರ ಹೆಸರಿನಲ್ಲಿಯೇ ಲೆಕ್ಕವಿರಬೇಕು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೆ ಭಂಡಾರದ ಹಣ ಪೋಲಾಯಿತೆಂಬ ದೂರು ಬಂದಾಗ, ಅವರು ಭಂಡಾರವನ್ನು ತೆರೆದು ಲೆಕ್ಕ ಒಪ್ಪಿಸಿದರೆಂದು ಪರಂಪರೆ ಹೇಳುತ್ತದೆ. ಅವರ ಊರಾದ ಬಾಗೇವಾಡಿಯ ಸೀಮೆಯಲ್ಲಿಯೇ ಮನಗೂಳಿ ಇದೆ ಎಂಬುದನ್ನು ನೆನೆದರೆ ಮನಸ್ಸು ಮುದುಡುತ್ತದೆ. ಲೆಕ್ಕ ಕೇಳಿದ್ದು ಭಂಡಾರಿಯ ಗೌರವಕ್ಕೆ ಕುಂದಾಗಲಿಲ್ಲ. ಲೆಕ್ಕವಿದ್ದುದರಿಂದಲೇ ಅವರ ಗೌರವ ಉಳಿಯಿತು.

ಕಳೆದ ಸಲ ಸಾಣಾಪುರಕ್ಕೆ ಹೋದಾಗ ಭಾವನವರೊಡನೆ ಗದ್ದೆಯ ಕಡೆಗೆ ಹೋಗಿದ್ದೆ. ತುಂಗಭದ್ರೆಯ ಕಾಲುವೆಯ ನೀರು ಬಂಡೆಗಲ್ಲುಗಳ ನಡುವಿನ ಆ ಗದ್ದೆಗಳಿಗೆ ಸರದಿಯ ಮೇಲೆ ಬರುತ್ತದೆ. ತಮ್ಮ ಸರದಿ ಮುಗಿಯುತ್ತಲೇ ಭಾವನವರು ನಾಲ್ಕು ಸಲಿಕೆ ಮಣ್ಣು ಹಾಕಿ ಗದ್ದೆಯ ಬಾಯನ್ನು ಮುಚ್ಚಿದರು. ನೀರು ಪಕ್ಕದವರ ಗದ್ದೆಗೆ ಹರಿಯಿತು. ಯಾರೂ ಅವರನ್ನು ಕೇಳಿರಲಿಲ್ಲ, ಅವರೂ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಊರಿಗೆ ಮರಳಿದವನೇ ಆ ಗುಮಾಸ್ತರಿಗೆ ಮತ್ತೊಮ್ಮೆ ಫೋನು ಮಾಡಿದೆ. ಈ ಸಲ ಅವರು ನನ್ನ ಹೆಸರನ್ನು ತೆಗೆಯುವವರೆಗೂ ಫೋನು ಇಡಲಿಲ್ಲ.