ಶರಣು ಶರಣಾರ್ಥಿ

'ಶರಣ' ಶಬ್ದಕ್ಕೆ ಅಮರಸಿಂಹನು ತನ್ನ ಕೋಶದ ನಾನಾರ್ಥವರ್ಗದಲ್ಲಿ ಎರಡು ಅರ್ಥಗಳನ್ನು ಹೇಳಿರುವನು. ಒಂದು ಮನೆ, ಇನ್ನೊಂದು ಕಾಯುವವನು. ಸಂಸ್ಕೃತದಲ್ಲಿ ಹೀಗೆ ಆಶ್ರಯಕ್ಕೆ ಸಲ್ಲುತ್ತಿದ್ದ ಮಾತು ವಚನಕಾರರ ಕನ್ನಡದಲ್ಲಿ ಆಶ್ರಯವನ್ನು ಹೊಕ್ಕವನಿಗೇ ಹೆಸರಾಯಿತು. ಶಿವನನ್ನೇ ಮನೆಯೆಂದು ನಂಬಿ ಒಳಬಂದವನು ಶರಣ. ಇಷ್ಟಕ್ಕೇ ನಿಲ್ಲದೆ, ಲಿಂಗವಂತರು ಪರಸ್ಪರ ಕಂಡಾಗ 'ಶರಣು ಶರಣಾರ್ಥಿ' ಎನ್ನುವ ರೂಢಿಯೂ ಬೆಳೆಯಿತು. ಶರಣಾರ್ಥಿಯೆಂದರೆ ಆಶ್ರಯವನ್ನು ಬೇಡುವವನು. 1947ರ ದೇಶವಿಭಜನೆಯಲ್ಲಿ ಮನೆಮಾರು ಕಳೆದುಕೊಂಡು ಬಂದವರನ್ನು ಉತ್ತರದ ಜನರು ಕರೆದುದೂ ಇದೇ ಶಬ್ದದಿಂದಲೇ. ಹಾಗಾದರೆ ನಾವು ನಿತ್ಯವೂ ಕೈಮುಗಿದು ಆಡುವ ಮಾತಿಗೆ, 'ನಾನು ನಿರಾಶ್ರಿತ, ನಿನ್ನ ಬಾಗಿಲಿಗೆ ಬಂದಿದ್ದೇನೆ' ಎಂದೇ ಅರ್ಥವಾಗುತ್ತದೆ. ಎದುರಿನವನೂ ಅದನ್ನೇ ಮರಳಿ ಹೇಳುವನು. ಇಬ್ಬರಲ್ಲಿ ಆಶ್ರಯ ಕೊಟ್ಟವನಾರು, ಪಡೆದವನಾರು ಎಂಬುದು ನಿಶ್ಚಯವಾಗುವುದೇ ಇಲ್ಲ.

ಇದು ಕೇವಲ ವ್ಯಾಕರಣದ ವಿನೋದವಲ್ಲ. ವಿಶ್ವಸಂಸ್ಥೆಯ ಲೆಕ್ಕದಂತೆ 2024ರ ಕೊನೆಗೆ ಯುದ್ಧ, ಹಿಂಸೆಗಳಿಂದ ನೆಲೆ ತಪ್ಪಿದವರು ಲೋಕದಲ್ಲಿ 12 ಕೋಟಿಗೂ ಮೇಲು. ಅವರಲ್ಲಿ ನೂರಕ್ಕೆ ಸುಮಾರು 40 ಮಂದಿ ಹದಿನೆಂಟು ತುಂಬದವರು. ಇಷ್ಟು ದೊಡ್ಡ ಸಂಖ್ಯೆಯನ್ನು ಕೇಳಿದ ಕುರುಬರಹಳ್ಳಿಯ ಗೃಹಸ್ಥನು ನಿಟ್ಟುಸಿರು ಬಿಟ್ಟು ಸುಮ್ಮನಾಗುವುದು ಸಹಜ. ದೂರದ ದುಃಖಕ್ಕೆ ಕೈ ಎಟುಕದು. ಆದರೆ ನಮ್ಮ ನಾಡಿನಲ್ಲಿಯೇ, ಕೈಗೆಟುಕುವಷ್ಟು ಹತ್ತಿರದಲ್ಲಿಯೇ, ಇಂತಹ ತರುಣರಿರುವುದನ್ನು ನಾವು ಮರೆಯಲಾಗದು.

1959ರಲ್ಲಿ ದಲೈ ಲಾಮಾ ಅವರು ಟಿಬೆಟ್ಟನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಸಾವಿರಾರು ಜನರಿಗೆ ನೆಲ ಕೊಡಲು ಮುಂದಾದ ರಾಜ್ಯಗಳಲ್ಲಿ ನಮ್ಮ ಮೈಸೂರು ರಾಜ್ಯವು ಮುಖ್ಯವಾದುದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲವನ್ನು ಕೊಟ್ಟು 1960–61ರಲ್ಲಿ ಮೊದಲ ವಸತಿಯನ್ನು ನಿಲ್ಲಿಸಲಾಯಿತು. ಇದರ ಕೀರ್ತಿಯನ್ನು ಜನರು ಎಸ್. ನಿಜಲಿಂಗಪ್ಪನವರಿಗೆ ಸಲ್ಲಿಸುವರು, ದಲೈ ಲಾಮಾ ಅವರೂ ಅವರನ್ನು ಕೃತಜ್ಞತೆಯಿಂದ ಸ್ಮರಿಸಿರುವುದುಂಟು. ಆದರೆ ಆ ವರ್ಷಗಳಲ್ಲಿ ಮುಖ್ಯಮಂತ್ರಿಗಳಾಗಿದ್ದವರು ಬಿ. ಡಿ. ಜತ್ತಿಯವರೆಂಬುದನ್ನೂ ನೆನೆಯುವುದು ನ್ಯಾಯ. ನಿಜಲಿಂಗಪ್ಪನವರು ಮತ್ತೆ ಅಧಿಕಾರದಲ್ಲಿದ್ದಾಗ, 1966ರಲ್ಲಿ, ಉತ್ತರ ಕನ್ನಡದ ಮುಂಡಗೋಡಿನಲ್ಲಿ ಎರಡನೆಯ ನೆಲೆಯಾಯಿತು. ಅನಂತರ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ. ಹಿಮದ ನಾಡಿನಿಂದ ಬಂದವರು ನಮ್ಮ ಬಿಸಿಲಿನಲ್ಲಿ ಕಾಡು ಕಡಿದರು, ಆನೆಗಳ ಹಾವಳಿಯ ನಡುವೆ ಮುಸುಕಿನ ಜೋಳ ಬೆಳೆದರು, ಚಳಿಗಾಲ ಬಂತೆಂದರೆ ಊರೂರಿನ ಬೀದಿಗಳಲ್ಲಿ ಉಣ್ಣೆಯ ಬಟ್ಟೆ ಮಾರಲು ಕುಳಿತರು. ಕಾಯಕವೆಂಬ ಶಬ್ದವನ್ನು ಅವರು ಕೇಳಿದ್ದರೋ ಇಲ್ಲವೋ, ಮಾಡಿದುದಂತೂ ಅದನ್ನೇ.

ಇಂದು ಅಲ್ಲಿ ಮೂರನೆಯ, ನಾಲ್ಕನೆಯ ತಲೆಮಾರು ಬೆಳೆದಿದೆ. ಈ ಮಕ್ಕಳು ಟಿಬೆಟ್ಟನ್ನು ಕಂಡವರಲ್ಲ. ಹುಟ್ಟಿದುದು ಕಾವೇರಿಯ ಸೀಮೆಯಲ್ಲಿ. ಅನೇಕರಿಗೆ ಕನ್ನಡ ಬರುತ್ತದೆ. ಆದರೂ ಬಹುಮಂದಿಯ ಕೈಯಲ್ಲಿರುವುದು ವಿದೇಶೀಯರಿಗೆ ಕೊಡುವ ನೋಂದಣಿ ಪತ್ರ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಇಲ್ಲಿ ಜನಿಸಿದವರು ಜನ್ಮದಿಂದಲೇ ಪೌರರೆಂದು ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಎತ್ತಿಹಿಡಿಯಿತು. ಇಂದಿನ ತರುಣರು ಆ ಗಡುವಿನ ಈಚೆಗೆ ಹುಟ್ಟಿದವರು. ತಾಯಿ ಅಥವಾ ತಂದೆ ಪೌರರಲ್ಲದಿದ್ದರೆ, ಹುಟ್ಟಿದ ಮಣ್ಣಿನಲ್ಲಿಯೇ ಅವರು ಪರದೇಶಿಗಳು.

ಕಲ್ಯಾಣದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಅನುಭವಮಂಟಪದಲ್ಲಿ ಕುಳಿತವರಲ್ಲಿ ಕಲ್ಯಾಣದವರೇ ಎಷ್ಟು ಮಂದಿ? ಉಡುತಡಿಯನ್ನು ಬಿಟ್ಟು ಬಂದ ಅಕ್ಕ, ಬಳ್ಳಿಗಾವೆಯ ಪ್ರಭುದೇವರು, ಸೌರಾಷ್ಟ್ರದ ಆದಯ್ಯನವರು, ಕಾಶ್ಮೀರದಿಂದ ಬಂದರೆಂದು ಪುರಾಣಗಳು ಹೇಳುವ ಮೋಳಿಗೆಯ ಮಾರಯ್ಯನವರು. ಕ್ರಾಂತಿಯ ಅನಂತರ ಆ ಕಲ್ಯಾಣವೇ ಚೆದುರಿತು. ಅರಸನ ಸೈನ್ಯ ಬೆನ್ನಟ್ಟಲು ಶರಣರು ದಿಕ್ಕುದಿಕ್ಕಿಗೆ ಹೋದರು. ಡೋಹರ ಕಕ್ಕಯ್ಯನವರು ಕಕ್ಕೇರಿಯಲ್ಲಿ, ಅಕ್ಕನಾಗಮ್ಮನವರು ತರೀಕೆರೆಯ ಬಳಿಯ ಎಣ್ಣೆಹೊಳೆಯಲ್ಲಿ ಐಕ್ಯರಾದರು. ಇನ್ನೂ ತರುಣರಾಗಿದ್ದ ಚೆನ್ನಬಸವಣ್ಣನವರು ವಚನದ ಕಟ್ಟುಗಳನ್ನು ಉಳಿಸಿಕೊಂಡು ಉಳವಿಯ ಕಾಡನ್ನು ಸೇರಿದರೆಂಬುದು ನಮ್ಮ ಪರಂಪರೆಯ ನಂಬುಗೆ. ಆ ಉಳವಿಯೂ ಉತ್ತರ ಕನ್ನಡದಲ್ಲಿಯೇ ಇದೆ. ಎಂಟು ಶತಮಾನಗಳ ಮೇಲೆ ಅದೇ ಜಿಲ್ಲೆಯ ಮುಂಡಗೋಡಿನಲ್ಲಿ, ಗ್ರಂಥಗಳನ್ನು ಹೊತ್ತು ಹಿಮಾಲಯವನ್ನು ದಾಟಿದ ಬೌದ್ಧ ಭಿಕ್ಷುಗಳು ತಮ್ಮ ಗಂದೆನ್, ದ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದರು. ಓಡಿಬಂದ ಶರಣರಿಗೆ ಮಲೆನಾಡಿನ ಯಾರೋ ಹೆಸರಿಲ್ಲದ ರೈತನು ಅಂಬಲಿಯನ್ನು ಕೊಡದಿದ್ದರೆ ನಮ್ಮ ಕೈಯಲ್ಲಿ ಇಂದು ವಚನಗಳು ಇರುತ್ತಿದ್ದವೆ?

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ನಿರಾಶ್ರಿತನಿಗೆ ದಾನ ಮಾಡುವುದು ಸುಲಭ; ದಾಸೋಹ ಮಾಡುವುದು ಕಠಿನ. ದಾನದಲ್ಲಿ ಕೊಡುವವನ ಕೈ ಮೇಲೆ, ದಾಸೋಹದಲ್ಲಿ ಕೊಡುವವನೇ ದಾಸ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಗಂಡನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದಾಗ, ಆಯ್ದಕ್ಕಿ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಕಥೆಯನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಬಡವರಿಗೂ ಬೇಡವೆನ್ನುವ ಅಧಿಕಾರವುಂಟು. ಹಳೆಯ ಬಟ್ಟೆಯ ಗಂಟನ್ನು ಕೊಟ್ಟು ಚಿತ್ರ ತೆಗೆಸಿಕೊಳ್ಳುವ ಯುವಕಸಂಘಗಳು ಈ ಕಥೆಯನ್ನು ಇನ್ನೊಮ್ಮೆ ಓದುವುದೊಳಿತು.

ಮಹಾದೇವಿಯಕ್ಕನವರು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಅವರನ್ನು ಕನಿಕರದಿಂದ ಒಳಕ್ಕೆ ಬಿಡಲಿಲ್ಲ. ಶೂನ್ಯಸಂಪಾದನೆಯನ್ನು ಓದಿದವರಿಗೆ ಆ ಪ್ರಶ್ನೆಗಳ ಹರಿತ ಗೊತ್ತು. ಕೆಲವರಿಗೆ ಅದು ನಿಷ್ಠುರವಾಗಿ ತೋರುವುದು. ನನಗೆ ಹಾಗೆ ತೋರದು. ಕನಿಕರಿಸುವವನು ಪ್ರಶ್ನೆ ಕೇಳುವುದಿಲ್ಲ. ಸಮಾನಳೆಂದು ಬಗೆದುದರಿಂದಲೇ ಪ್ರಭುದೇವರು ವಾದಕ್ಕೆ ಕರೆದರು. ಉತ್ತರವನ್ನು ಕೇಳಿದ ಮೇಲೆ ಹಿರಿಯರೆಲ್ಲ ಆ ಎಳೆಯ ಹೆಣ್ಣುಮಗಳನ್ನು 'ಅಕ್ಕ' ಎಂದರು. ಬೈಲುಕುಪ್ಪೆಯ ಸೆರಾ ಮಠದ ಅಂಗಳದಲ್ಲಿ ಇಂದಿಗೂ ತರುಣ ಭಿಕ್ಷುಗಳು ವಾದ ಮಾಡುವರು. ಪ್ರಶ್ನಿಸುವವನು ನಿಂತು, ಒಂದೊಂದು ಪ್ರಶ್ನೆಗೂ ಚಪ್ಪಾಳೆ ತಟ್ಟುತ್ತಾನೆ, ಉತ್ತರಿಸುವವನು ಕುಳಿತಿರುತ್ತಾನೆ. ನಮ್ಮ ಯುವಕರು ಅಲ್ಲಿಗೆ ಹೋಗುವುದು ಚಿನ್ನದ ಲೇಪದ ಬುದ್ಧಮೂರ್ತಿಗಳನ್ನು ನೋಡಿಬರುವ ಪ್ರವಾಸಕ್ಕಾಗಿ ಮಾತ್ರ. ಆ ಅಂಗಳದಲ್ಲಿ ಅರೆಗಳಿಗೆ ನಿಲ್ಲುವವರು ವಿರಳ.

ಪರಿಚಯವಿಲ್ಲದೆಡೆಯಲ್ಲಿ ಏನಾಗುವುದೆಂಬುದನ್ನು 2012ರ ಆಗಸ್ಟಿನಲ್ಲಿ ಬೆಂಗಳೂರು ಕಂಡಿತು. ಬರಿಯ ವದಂತಿಗಳಿಗೆ ಅಂಜಿ ಈಶಾನ್ಯ ರಾಜ್ಯಗಳ ಸಾವಿರಾರು ತರುಣರು, ಈ ದೇಶದ ಪೌರರೇ, ಗುವಾಹಟಿಯ ರೈಲುಗಳನ್ನು ಹತ್ತಿದರು. ಅದೇ ವಾರ ಮೈಸೂರಿನಲ್ಲಿ ಟಿಬೆಟ್ಟಿನ ತರುಣನೊಬ್ಬನು ಇರಿತಕ್ಕೊಳಗಾದನು. ಇರಿದವರು ಮುಖವನ್ನು ಮಾತ್ರ ನೋಡಿದ್ದರು. ಅಂದು ನೆರೆಮನೆಯವರು ಬಂದು 'ಹೋಗಬೇಡಿರಪ್ಪ, ನಾವಿದ್ದೇವೆ' ಎಂದಿದ್ದರೆ ಎಷ್ಟು ಮಂದಿ ಉಳಿಯುತ್ತಿದ್ದರೋ! ಹಾಗೆ ಹೇಳಬೇಕಾದರೆ ಮೊದಲು ಅವರ ಹೆಸರಾದರೂ ಗೊತ್ತಿರಬೇಕಷ್ಟೆ.

ಇಲ್ಲಿ ನಮ್ಮವರು ಎತ್ತುವ ಆಕ್ಷೇಪಗಳೆರಡು. ಮೊದಲನೆಯದು, ಶರಣರು ಒಪ್ಪಿಕೊಂಡುದು ಲಿಂಗಧಾರಿಗಳನ್ನು, ಭವಿಗಳನ್ನಲ್ಲ ಎಂಬುದು. ಭಕ್ತ–ಭವಿ ಭೇದವು ವಚನಗಳಲ್ಲಿ ಇದೆ. ಇಲ್ಲವೆಂದು ವಾದಿಸುವುದು ಸಲ್ಲದು. ಆದರೆ ಅದು ಪೂಜೆ, ಪ್ರಸಾದ, ದೀಕ್ಷೆಗಳ ವಿಷಯ. ದಯೆಯನ್ನು ಧರ್ಮದ ಬೇರೆಂದು ಕಂಡ ಬಸವಣ್ಣನವರು ಅದಕ್ಕೆ ಜೀವರಾಶಿಗಿಂತ ಕಿರಿದಾದ ಎಲ್ಲೆಯನ್ನು ಹಾಕಲಿಲ್ಲ. ಎರಡನೆಯದು ಮಾಂಸದ ವಿಷಯ, ಮತ್ತು ನಿಜವಾದ ತೊಡಕು ಇದೇ. ಬಸವೇಶ್ವರನಗರ, ಕುರುಬರಹಳ್ಳಿಗಳ ಬೀದಿಗಳಲ್ಲಿ ಬಾಡಿಗೆಗಿದೆಯೆಂಬ ಹಲಗೆಯ ಕೆಳಗೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಸಾಲನ್ನು ಕಾಣಬಹುದು. ತನ್ನ ಮನೆಯ ಒಲೆಯ ಶುಚಿಯನ್ನು ಕಾಯುವುದು ಲಿಂಗವಂತನಿಗೆ ದೋಷವಲ್ಲ. ಆದರೆ ಒಲೆಯ ನಿಯಮವನ್ನು ಬಾಯಿಬಿಟ್ಟು ಹೇಳುವುದು ಒಂದು. ಮುಖವನ್ನು ಕಂಡೊಡನೆ 'ಮನೆ ಖಾಲಿಯಿಲ್ಲ' ಎಂದು ಸುಳ್ಳಾಡುವುದು ಇನ್ನೊಂದು. ನಿಯಮವನ್ನು ಹೇಳಿದರೆ ಒಪ್ಪುವುದೋ ಬಿಡುವುದೋ ಬಂದವನ ಪಾಲಿಗೆ ಉಳಿಯುತ್ತದೆ. ಸುಳ್ಳು ಅದನ್ನೂ ಕಸಿಯುತ್ತದೆ.

ಮೈಸೂರು ರಸ್ತೆಯಲ್ಲಿ ಕೆಂಗೇರಿಯನ್ನು ದಾಟಿ ಹೋದರೆ ಬಿಡದಿಯ ಕಡೆಯ ಶೇಷಗಿರಿಹಳ್ಳಿಯಲ್ಲಿ ದಲೈ ಲಾಮಾ ಉನ್ನತ ಶಿಕ್ಷಣ ಸಂಸ್ಥೆಯಿದೆ. ಟಿಬೆಟ್ಟಿನ ವಿದ್ಯಾರ್ಥಿಗಳು ಅಲ್ಲಿ ಓದುವರು. ನಮ್ಮ ಬಡಾವಣೆಗಳ ಕಾಲೇಜು ಹುಡುಗರಿಗೆ ಇದು ಒಂದು ಭಾನುವಾರದ ದಾರಿ. ಹೋಗುವಾಗ ಹಣ್ಣಿನ ಬುಟ್ಟಿಯನ್ನು ಒಯ್ಯಬೇಕಾಗಿಲ್ಲ. ಒಂದು ಪ್ರಶ್ನೆಯನ್ನು ಒಯ್ದರೆ ಸಾಕು. ಪ್ರಭುದೇವರು ಹೇಳುವ ಬಯಲು, ಬೌದ್ಧರ ನಾಗಾರ್ಜುನನು ಹೇಳುವ ಶೂನ್ಯ, ಇವೆರಡೂ ಒಂದೆಯೋ ಬೇರೆಯೋ? ನಮ್ಮ ಪಂಡಿತರೂ ಈ ವಿಷಯದಲ್ಲಿ ಏಕಾಭಿಪ್ರಾಯಕ್ಕೆ ಬಂದಿಲ್ಲ. ಒಂದು ಸಂಜೆಯಲ್ಲಿ ಮುಗಿಯುವ ಮಾತು ಅದಲ್ಲ. ಮುಂದಿನ ಭಾನುವಾರ ಅವರು ಕುರುಬರಹಳ್ಳಿಗೆ ಬರಬೇಕಾದೀತು.